ಅಪ್ಪನ ಸೊಂಟದ ಬೆಣೆ

ಮೊನ್ನೆ ಮಂಡ್ಯದ ಒಂದು ಇಂಜಿನಿಯರಿಂಗ್ ಕಾಲೇಜಿನವರು ಫೋನು ಮಾಡಿದ್ದರು. ಸ್ವಂತ ಕಂಪನಿ ಕಟ್ಟಬೇಕೆಂದಿರುವ ಹುಡುಗ ಹುಡುಗಿಯರಿಗೆ ನಾನು ಬಂದು ಮಾತಾಡಬೇಕಂತೆ. ನಿಮ್ಮ ಯಜಮಾನರು ಆ ಕಾಲದಲ್ಲಿ ಏನೂ ಇಲ್ಲದೆ ಕಂಪನಿ ಕಟ್ಟಿದರಲ್ಲ, ಅದರಿಂದ ಕಲಿಯಬೇಕಾದ ಪಾಠಗಳನ್ನು ಹೇಳಿ ಅಂದರು. ಪಾಠ ಅನ್ನುವ ಮಾತು ಕೇಳಿದ ಕೂಡಲೇ ನನಗೆ ಮೈಯೆಲ್ಲ ಉರಿಯಿತು. ಮಂಡಿನೋವು, ಮೆಟ್ಟಿಲು ಹತ್ತಲಾರೆ ಅಂತ ಸುಳ್ಳು ಹೇಳಿ ಫೋನಿಟ್ಟೆ. ಇಟ್ಟ ಮೇಲೆ ಊಟ ಸೇರಲಿಲ್ಲ. ಅವತ್ತಿನಿಂದ ಮನಸ್ಸು ಅಲ್ಲೇ ಸುತ್ತುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ನನಗೆ ಸೋದರಮಾವ, ಅವ್ವನ ಒಬ್ಬನೇ ತಮ್ಮ. ಅವರಿಗೆ ಬುದ್ಧಿ ಬರುವ ಮುಂಚೆಯೇ ಅವರ ತಾಯಿ ತೀರಿಹೋಗಿದ್ದರಿಂದ, ಅವ್ವ ಮದುವೆಯಾಗಿ ಬರುವಾಗ ತಮ್ಮನನ್ನೂ ಕಂಕುಳಲ್ಲಿ ಎತ್ತಿಕೊಂಡೇ ಬಂದಳಂತೆ. ಹೆಣ್ಣಿನ ಜೊತೆ ಒಂದು ಗಂಡೂ ಬಂತು, ಲಾಭವೇ ಆಯಿತು ಅಂತ ಅಪ್ಪ ತಮಾಷೆ ಮಾಡುತ್ತಿದ್ದ. ಹಲಗೂರಿನ ಹತ್ತಿರದ ನಮ್ಮೂರಲ್ಲಿ ಅಪ್ಪನಿಗೆ ಒಂದಿಷ್ಟು ಜಮೀನು, ಒಂದು ತೆರೆದ ಬಾವಿ ಇತ್ತು. ಆ ಬಾವಿಯ ನೀರಲ್ಲಿ ಬೆಳೆದದ್ದನ್ನು ಮಾರಿಯೇ ಭಾವಮೈದುನನನ್ನು ಮಂಡ್ಯದಲ್ಲಿ ಡಿಪ್ಲೊಮಾ ಓದಿಸಿದ. ಕೊನೆಗೆ ಮಗಳನ್ನೂ ಕೊಟ್ಟ. ಚಿಕ್ಕಂದಿನಿಂದ ಮಾವ ಅಂತ ಕರೆದು ರೂಢಿಯಾಗಿತ್ತು, ಮದುವೆಯಾದ ಮೇಲೂ ಹಾಗೇ ಕರೆದೆ. ಈಗ ಬರೆಯುವಾಗಲೂ ನನಗೆ ಬೇರೆ ಹೆಸರು ಬಾಯಿಗೆ ಬರುವುದಿಲ್ಲ.

ಓದು ಮುಗಿದ ಮೇಲೆ ಮಾವ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಲಿಲ್ಲ. ಊರಿಗೆಲ್ಲ ಒಂದು ದಾರಿಯಾದರೆ ಪೋರನಿಗೇ ಒಂದು ದಾರಿ ಅಂತ ಅವ್ವ ಗೊಣಗಿದಳು. ಅವರು ಮದ್ದೂರಿನ ಬಸ್ ಸ್ಟ್ಯಾಂಡಿನ ಹಿಂದೆ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟರು. ಮದ್ದೂರೆಂದರೆ ವಡೆ ತಿಂದು ಬಸ್ಸು ಹತ್ತುವ ಊರು ಅಂದುಕೊಂಡವರಿಗೆ ಈ ಅಂಗಡಿ ಕಂಡಿರಲಾರದು. ರೈತರು ಎತ್ತಿನ ಗಾಡಿಯಲ್ಲಿ ಮೋಟರು ಹೇರಿಕೊಂಡು ಬರುತ್ತಿದ್ದರು. ವ್ಯಾಪಾರ ಚೆನ್ನಾಗಿತ್ತು, ಚೆನ್ನಾಗಿದ್ದದ್ದೇ ಮಾವನಿಗೆ ಸಂಕಟ. ಹೋದ ಬೇಸಿಗೆಯಲ್ಲಿ ನಾನೇ ಸುತ್ತಿಕೊಟ್ಟ ಮೋಟರು ಈ ಬೇಸಿಗೆಗೆ ಮತ್ತೆ ಸುಟ್ಟು ಬಂದಿದೆ ಅಂತ ಮುಖ ಸಪ್ಪೆ ಮಾಡಿಕೊಂಡು ಮನೆಗೆ ಬರುತ್ತಿದ್ದರು. ದುಡ್ಡು ಬಂತೆಂದು ಸಂತೋಷಪಡಲೂ ತಿಳಿಯದ ಗಂಡ ಸಿಕ್ಕಿದನಲ್ಲ ಅಂತ ನಾನು ಬೈಯುತ್ತಿದ್ದೆ.

ಮೋಟರು ಸುಡುವುದಕ್ಕೆ ಕಾರಣ ಬೆಣೆ. ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿ ಹಸಿರು ಗುಂಡಿ ಇರುತ್ತದೆ, ಅದನ್ನು ಒತ್ತಿದರೆ ಮೋಟರು ಓಡುತ್ತದೆ. ಕರೆಂಟು ಹೋಗಿ ಬಂದರೆ ಮತ್ತೆ ಯಾರಾದರೂ ಬಂದು ಒತ್ತಬೇಕು. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಕರೆಂಟು ಬರುವುದು ಯಾವಾಗ, ಹೋಗುವುದು ಯಾವಾಗ ಅಂತ ದೇವರಿಗೂ ಗೊತ್ತಿರಲಿಲ್ಲ. ಅದಕ್ಕಾಗಿ ನಮ್ಮ ಕಡೆ ಎಲ್ಲರೂ ಒಂದು ಮರದ ಬೆಣೆ ಕೆತ್ತಿ, ಗುಂಡಿ ಒತ್ತಿಕೊಂಡೇ ಇರುವ ಹಾಗೆ ಸಿಕ್ಕಿಸಿ ಹೋಗಿಬಿಡುತ್ತಿದ್ದರು. ಕರೆಂಟು ಬಂದಾಗ ಮೋಟರು ತಾನಾಗಿಯೇ ಓಡುತ್ತಿತ್ತು. ಮೂರು ಫೇಸು ಬರುವ ಕಡೆ ಎರಡೇ ಬಂದರೆ ಮಾತ್ರ ಅದು ತಿರುಗಲಾರದೆ ಗುಂಯ್‌ಗುಟ್ಟಿ ಸುಟ್ಟು ಕರಿಕಾಗುತ್ತಿತ್ತು.

ಬೆಣೆಗೆ ಸಂಬಂಧಿಸಿದ ಇನ್ನೊಂದು ರೂಢಿಯೂ ಇತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸ್ಟಾರ್ಟರು ಇರುತ್ತಿದ್ದದ್ದು ಬಾವಿಯ ದಡದ ಮೇಲೆ, ಮೋಟರು ಮನೆ ಅನ್ನುವ ಸಣ್ಣ ಗೂಡಿನಲ್ಲಿ, ಮೋಟರು ಮತ್ತು ಪಂಪು ಕೆಳಗೆ ಬಾವಿಯೊಳಗಿನ ಕಟ್ಟೆಯ ಮೇಲೆ. ಬಾವಿಗೆ ಇಳಿಯುವವನು ಬೆಣೆ ಕಿತ್ತು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇಳಿಯುತ್ತಿದ್ದ. ಅಪ್ಪನ ಉಡುದಾರದಲ್ಲಿ ಜಾಲಿ ಮರದ ಆ ಬೆಣೆ ಇಣುಕುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಎಷ್ಟೋ ಸಲ ಅದನ್ನು ತೆಗೆಯುವುದನ್ನು ಮರೆತು ಊಟಕ್ಕೆ ಬಂದು ಕೂತುಬಿಡುತ್ತಿದ್ದ. ಅಲ್ಲಿ ಹೊಲ ಒಣಗುತ್ತಿದೆ, ಇಲ್ಲಿ ನೀನು ಬೆಣೆ ಕಟ್ಟಿಕೊಂಡು ಮುದ್ದೆ ಮುರಿಯುತ್ತಿದ್ದೀಯ ಅಂತ ಅವ್ವ ರೇಗುತ್ತಿದ್ದಳು.

ಮಾವ ಅಂಗಡಿಗೆ ಬೀಗ ಹಾಕಿ ಸೈಕಲ್ಲು ತೆಗೆದುಕೊಂಡು ಹೊಲ ಹೊಲ ತಿರುಗಲು ಶುರು ಮಾಡಿದರು. ಯಾರದೋ ಮೋಟರು ಮನೆಯ ಮುಂದೆ ಕೂತು, ಕರೆಂಟು ಬರುವುದನ್ನೂ ಹೋಗುವುದನ್ನೂ ನೋಡುತ್ತಾ ಸಂಜೆ ಮಾಡುತ್ತಿದ್ದರು. ಜನ ಇವರಿಗೆ ತಲೆ ಕೆಟ್ಟಿದೆ ಅಂದರು, ನನಗೂ ಅನುಮಾನವಿತ್ತು. ಆದರೆ ಒಂದು ದಿನ ಊಟದ ನಡುವೆ, ರೈತರಿಗೆ ಬೆಣೆ ಹಾಕಬೇಡಿ ಅಂತ ಬುದ್ಧಿ ಹೇಳುವುದು ದಂಡ, ಬೆಣೆಯ ಕೆಲಸವನ್ನು ನೆಟ್ಟಗೆ ಮಾಡುವ ಡಬ್ಬ ಮಾಡಬೇಕು ಅಂದರು. ಕಾಲೇಜಿನವರು ಕೇಳುವ ಪಾಠ ಇದೇ ಇರಬೇಕು. ಜನರನ್ನು ತಿದ್ದಲು ಹೋಗದೆ ಅವರು ಮಾಡುವುದನ್ನು ಕೂತು ನೋಡಿದರು. ನೋಡಿದ್ದರಲ್ಲಿ ಅರ್ಧ ಮಾತ್ರ ಕಂಡಿತು. ಬೆಣೆ ಸ್ಟಾರ್ಟರಿನಲ್ಲಿ ಇರುವಾಗ ಏನು ಮಾಡುತ್ತದೆ ಅಂತ ಕಂಡಿತು, ಸೊಂಟದಲ್ಲಿ ಇರುವಾಗ ಏನು ಮಾಡುತ್ತದೆ ಅಂತ ಕಾಣಲಿಲ್ಲ.

ಬೆಂಗಳೂರಿನ ಹಳೇ ಸಾಮಾನಿನ ಪೇಟೆಯಿಂದ ಕರೆಂಟಿನ ದಾರಿಯನ್ನು ತಾವೇ ಕೂಡಿಸಿ ಬಿಡಿಸುವ ರಿಲೇಗಳು ಚೀಲಗಟ್ಟಲೆ ಬಂದವು. ಅವುಗಳ ಒಳಗಿನ ಸುರುಳಿಗಳಿಗೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತುವುದನ್ನು ಮಾವ ನನಗೆ ಕಲಿಸಿದರು. ಮೊದಲ ಡಬ್ಬ ನಮ್ಮ ಅಡುಗೆಮನೆಯಲ್ಲೇ ತಯಾರಾಯಿತು. ಕರೆಂಟು ಬಂದರೆ ಅದು ಮೂರು ಫೇಸನ್ನೂ ನೋಡುತ್ತಿತ್ತು, ಸ್ವಲ್ಪ ತಡೆದು, ಎಲ್ಲ ಸರಿಯಿದ್ದರೆ ತಾನೇ ಮೋಟರು ಓಡಿಸುತ್ತಿತ್ತು. ಒಂದು ಫೇಸು ಕಡಿಮೆಯಾದರೆ ಜಪ್ಪಯ್ಯ ಅಂದರೂ ಓಡಿಸುತ್ತಿರಲಿಲ್ಲ. ಆಮೇಲೆ ಸೋಮನಹಳ್ಳಿಯಲ್ಲಿ ರಸ್ತೆಯ ಪಕ್ಕ ಒಂದು ತಗಡಿನ ಶೆಡ್ಡು ಹಿಡಿದರು. ಅದರ ಗೋಡೆಯ ಮೇಲೆ, ಬಸ್ಸಿನಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ, ಬೆಣೆ ಬಿಡಿ ನೆಮ್ಮದಿಯಾಗಿರಿ ಅಂತ ದಪ್ಪ ಅಕ್ಷರದಲ್ಲಿ ಬರೆಸಿದರು.

ಬರೆಸಿದ್ದೇ ಬಂತು, ಯಾರೂ ಕೊಳ್ಳಲಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ. ಸ್ವಂತ ಭಾವನೇ ಬೇಡ ಅಂದ. ನಮ್ಮ ಹಟ್ಟಿಯ ಜಗಲಿಯ ಮೇಲೆ ಮಾವ ಡಬ್ಬ ತೆರೆದು ವಿವರಿಸುತ್ತಿದ್ದರೆ ಅಪ್ಪ ಬೀಡಿ ಸೇದುತ್ತಾ ಕೇಳಿದ, "ನನ್ ಬೆಣೆ ಕಾಸ್ ಕೇಳಕಿಲ್ಲ, ಕರೆಂಟ್ ಕೇಳಕಿಲ್ಲ. ನಿನ್ ಡಬ್ಬ ಅದ್ಕಿಂತ ಏನ್ಲಾ ಎಚ್ಗೆ ಮಾಡಾದು?"

ಆ ಬೇಸಿಗೆಯಲ್ಲೇ ಅಪ್ಪನ ಮೋಟರು ಸುಟ್ಟಿತು. ಸುಟ್ಟ ಮೇಲೆ ಒಪ್ಪಿದ. ಒಪ್ಪಿದ್ದು ಮೋಟರಿಗಾಗಿ ಅಂತ ಅವನು ಹೇಳುತ್ತಿದ್ದ, ಭಾವಮೈದುನನ ಶೆಡ್ಡಿನಲ್ಲಿ ದೂಳು ಹಿಡಿಯುತ್ತಿದ್ದ ಡಬ್ಬಗಳಿಗಾಗಿ ಅಂತ ನನಗೆ ಗೊತ್ತಿತ್ತು. ಡಬ್ಬ ಕೂರಿಸುವ ದಿನ ಅಪ್ಪ ಅಕ್ಕಪಕ್ಕದ ಹೊಲದವರನ್ನೆಲ್ಲ ಕರೆಸಿದ್ದ. ಕರೆಂಟು ಹೋಗಿ ಬಂತು, ಎಲ್ಲರೂ ಡಬ್ಬದ ಕಡೆ ಕತ್ತು ಚಾಚಿದರು, ಡಬ್ಬ ಟಕ್ ಅಂತು, ಕೆಳಗೆ ಮೋಟರು ಎದ್ದು ನೀರು ಬಂತು. ಮಾವನ ಮುಖ ಅಷ್ಟು ಅರಳಿದ್ದನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ಅಪ್ಪನ ಉಡುದಾರದಲ್ಲಿದ್ದ ಹಳೇ ಬೆಣೆಯನ್ನು ತಾವೇ ಕಿತ್ತುಕೊಂಡರು. "ಇನ್ ಇದ್ಯಾಕ್ ಭಾವ?" ಅಂತ ಬಾವಿಯೊಳಕ್ಕೆ ಎಸೆದರು. ಎಲ್ಲರೂ ನಕ್ಕರು. ಅಪ್ಪನೂ ನಕ್ಕ, ನಗುತ್ತಲೇ ಖಾಲಿ ಸೊಂಟವನ್ನು ಒಂದು ಸಲ ಮುಟ್ಟಿ ನೋಡಿಕೊಂಡ.

ಅಲ್ಲಿಂದ ಮುಂದೆ ಕಂಪನಿ ಬೆಳೆಯಿತು. ಯಾರು ಬೆಳೆಸಿದರು ಅಂದರೆ ಅಪ್ಪ ಬೆಳೆಸಿದ. ಹಲಗೂರು ಸಂತೆಗೆ ಹೋದರೂ, ಮಳವಳ್ಳಿಯ ತಾಲ್ಲೂಕು ಕಚೇರಿಗೆ ಹೋದರೂ, ಯಾರದೋ ಮನೆಯ ಮದುವೆಗೆ ಹೋದರೂ ಅವನಿಗೆ ಡಬ್ಬದ್ದೇ ಮಾತು. ಅಪ್ಪ ಬಳಸಿದ ಅನ್ನುವುದೇ ನಮ್ಮ ಜನಕ್ಕೆ ಸಾಕಿತ್ತು. ಮಾವ ಪ್ರತಿ ಡಬ್ಬವನ್ನೂ ತಾವೇ ಹೋಗಿ ಕೂರಿಸುತ್ತಿದ್ದರು, ಅವರ ಮನೆಯಲ್ಲೇ ಉಣ್ಣುತ್ತಿದ್ದರು, ಬೆಳೆ ಕೈಗೆ ಬರುವವರೆಗೂ ದುಡ್ಡಿನ ಮಾತೆತ್ತುತ್ತಿರಲಿಲ್ಲ. ಶೆಡ್ಡಿನಲ್ಲಿ ನನ್ನ ಜೊತೆ ತಂತಿ ಸುತ್ತಲು ಸೋಮನಹಳ್ಳಿಯ ಹೆಂಗಸರು ಬಂದರು. ಬೆಂಗಳೂರಿನ ಒಬ್ಬ ವ್ಯಾಪಾರಿ ಬಂದು, ಮಾಡಿದಷ್ಟೂ ಡಬ್ಬ ನಾನೇ ಕೊಳ್ಳುತ್ತೇನೆ ಅಂದರು. ಮಳೆ ಬಿದ್ದು ಒಳಗೆ ನೀರು ಹೋಗದಿರಲೆಂದು, ನೋಡಲೂ ಚೆನ್ನಾಗಿರಲೆಂದು, ಡಬ್ಬಕ್ಕೆ ಒಂದು ಮುಚ್ಚಳ ಬಂತು, ಅಪ್ಪನದಕ್ಕೂ ಹಾಕಿದರು. ಡಬ್ಬವನ್ನು ನಿಲ್ಲಿಸುವ ಸ್ವಿಚ್ಚು ಆ ಮುಚ್ಚಳದ ಒಳಗಾಯಿತು.

ಅವತ್ತು ಬೆಳಗಿನಿಂದ ಕರೆಂಟಿರಲಿಲ್ಲ. ಪಂಪಿನ ಬೆಲ್ಟು ಸಡಿಲವಾಗಿತ್ತು ಅಂತ ಕಾಣುತ್ತದೆ, ಸರಿಮಾಡಲು ಅಪ್ಪ ಬಾವಿಗಿಳಿದ. ಮುಚ್ಚಳ ತೆಗೆದು ಡಬ್ಬದ ಸ್ವಿಚ್ಚು ಆರಿಸಿರಲಿಲ್ಲ. ಕರೆಂಟಿಲ್ಲದಾಗ ಸ್ವಿಚ್ಚಿನ ನೆನಪು ಯಾರಿಗೆ ಬರುತ್ತದೆ? ಬೆಣೆಯಾಗಿದ್ದರೆ ನೆನಪೇ ಬೇಕಿರಲಿಲ್ಲ, ಇಳಿಯುವ ಮುಂಚೆ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಈಗ ಕೈ ಹೋಗಲು ಅಲ್ಲಿ ಏನೂ ಇರಲಿಲ್ಲ.

ಅವ್ವ ಬುತ್ತಿ ಹೊತ್ತು ಬರುವಾಗ ಕರೆಂಟು ಬಂತು. ದೂರದಿಂದ ಮೋಟರಿನ ಸದ್ದು ಕೇಳಿ ಅವಳಿಗೆ ಹಿಗ್ಗಾಯಿತಂತೆ. ಅಪ್ಪ ಮೋಟರು ಮನೆಯ ನೆರಳಲ್ಲಿ ಕೂತಿರುತ್ತಾನೆ ಅಂದುಕೊಂಡು, ಕುಕ್ಕೆ ಇಳಿಸಿ, ಗುದ್ದಲಿ ತೆಗೆದುಕೊಂಡು ಹೋಗಿ ನೀರು ತಿರುಗಿಸಲು ನಿಂತಳು. ಕಾಲುವೆ ಒಡೆದು ಮಡಿಯಿಂದ ಮಡಿಗೆ ನೀರು ಬಿಡುತ್ತಾ ಹೋದಳು. ಆಮೇಲೆ ಮುದ್ದೆ ಆರಿಹೋಗುತ್ತದೆ ಬಾ ಅಂತ ಕೂಗಿದಳು. ಉತ್ತರ ಬರದೆ ಹೋಗಿ ಬಾವಿಯೊಳಗೆ ಇಣುಕಿದಾಗ ಕಂಡದ್ದು ಬೆಲ್ಟಿಗೆ ಸುತ್ತಿಕೊಂಡಿದ್ದ ಟವಲು. ಅಪ್ಪ ನೀರಲ್ಲಿದ್ದ. ಅಷ್ಟು ಹೊತ್ತೂ ಆ ಬಾವಿಯ ನೀರನ್ನೇ ಮಡಿಗೆ ಬಿಟ್ಟೆನಲ್ಲ ಅಂತ ಅವ್ವ ಸಾಯುವವರೆಗೂ ಹೇಳಿಕೊಂಡು ಅತ್ತಳು.

ಸೋಮನಹಳ್ಳಿಯ ಶೆಡ್ಡಿಗೆ ಸುದ್ದಿ ತಂದದ್ದು ಬಸ್ಸಿನ ಕಂಡಕ್ಟರು. ಆಗೆಲ್ಲ ಸಾವು ನೋವಿನ ಸುದ್ದಿ ಒಂದು ಬಸ್ಸಿನಿಂದ ಇನ್ನೊಂದು ಬಸ್ಸಿಗೆ ದಾಟಿಯೇ ಬರುತ್ತಿತ್ತು, ದಾಟುವಾಗ ಅರ್ಧ ಉದುರಿಹೋಗುತ್ತಿತ್ತು. "ನಿಮ್ ಭಾವುನ್ ಮೋಟ್ರ್ ತಾವ ಏನೋ ಆಗ್ಬುಟ್ಟದಂತೆ, ಬಿರ್ನೆ ಬರ್ಬೇಕಂತೆ" ಅಂದು ಅವನು ಸೀಟಿ ಊದಿ ಹೋದ. ಮಾವ ಮೋಟರು ಕೆಟ್ಟಿದೆ ಅಂದುಕೊಂಡರು. ಸ್ಪ್ಯಾನರು, ಟೆಸ್ಟರು, ಒಂದು ಹೊಸ ರಿಲೇ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡರು. ನಾನೂ ಜೊತೆಗೆ ಹೊರಟೆ, ಅಪ್ಪನನ್ನು ನೋಡಿ ಬಂದ ಹಾಗಾಗುತ್ತದೆ ಅಂತ. ಬಸ್ಸಿನಲ್ಲಿ ಕೂತು ಯಾವ ರಿಲೇ ಹೋಗಿರಬಹುದು ಅಂತ ಮಾತಾಡಿಕೊಂಡು ಹೋದೆವು.

ಅಪ್ಪನನ್ನು ಬಾವಿಯ ದಡದಲ್ಲಿ ಮಲಗಿಸಿದ್ದರು. ಮಾವ ಚೀಲ ಹೆಗಲ ಮೇಲಿದ್ದ ಹಾಗೇ ನಿಂತುಬಿಟ್ಟರು. ಆಮೇಲೆ ಮೋಟರು ಮನೆಯೊಳಗೆ ಹೋಗಿ ಮುಚ್ಚಳ ತೆಗೆದು ನೋಡಿದರು. ಯಾವ ರಿಲೇಯೂ ಹೋಗಿರಲಿಲ್ಲ. ಮೂರು ಫೇಸು ನೋಡಿ, ತಡೆಯಬೇಕಾದಷ್ಟು ಹೊತ್ತು ತಡೆದು, ಡಬ್ಬ ತನ್ನ ಕೆಲಸವನ್ನು ಸರಿಯಾಗಿ ಮಾಡಿತ್ತು. ಅದು ಕೆಟ್ಟು ಹೀಗಾಗಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಅದರ ಸುರುಳಿಗಳನ್ನು ಸುತ್ತಿದ್ದು ಇದೇ ಕೈಗಳು, ಒಂದು ಎಳೆಯೂ ತಪ್ಪದ ಹಾಗೆ ಸುತ್ತಿದ್ದೆ.

ಮಾವ ಹೊರಗೆ ಬಂದಾಗ ಅವ್ವ ತಲೆಯೆತ್ತಿ ತಮ್ಮನನ್ನು ನೋಡಿದಳು. "ಅಟ್ಟಿ ಕಾಯೋ ನಾಯಿನೂವೆ ಗುರ್ತಿರೋರ್ನ ಕಂಡ್ರೆ ಸುಮ್ಕಿರ್ತದೆ. ನಿನ್ ಡಬ್ಬುಕ್ಕೆ ನಿಮ್ ಭಾವುನ್ ಗುರ್ತು ಸಿಗ್ನಿಲ್ವಾ?" ಅಂದಳು. ಕಿರುಚಲಿಲ್ಲ, ನಿಜವಾಗಿ ಕೇಳಿದಳು. ಆಮೇಲೆ ಅವಳು ಅವರ ಜೊತೆ ಮಾತು ಬಿಟ್ಟಳು.

ಗಂಡ ಸತ್ತವಳಿಗೆ ಹನ್ನೊಂದನೇ ದಿನ ತವರಿನಿಂದ ಸೀರೆ ಬರಬೇಕು. ಅವ್ವನಿಗೆ ತವರು ಅಂತ ಇದ್ದದ್ದು ಈ ಒಬ್ಬ ತಮ್ಮ. ಮಾವ ಮಳವಳ್ಳಿಗೆ ಹೋಗಿ ಸೀರೆ ತಂದು, ತಟ್ಟೆಯಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತರು. ಬಂದ ನೆಂಟರೆಲ್ಲ ಬಾಗಿಲನ್ನೇ ನೋಡುತ್ತಿದ್ದರು. ಮಾಡಿದ್ದುಣ್ಣೋ ಮಹರಾಯ ಅಂತ ಒಬ್ಬರು ಕೇಳಿಸುವ ಹಾಗೇ ಅಂದರು. ನಾನು ಒಳಗೆ ಹೋಗಿ ಅವ್ವನ ಕಾಲು ಹಿಡಿದೆ. "ಸೀರೆ ತಕ್ಕೊತೀನಿ ಕಣವ್ವ, ಅವನ್ ಮಖ ನೋಡಾಕಾಗಕಿಲ್ಲ" ಅಂದಳು. ಕೊನೆಗೆ ಆ ತಟ್ಟೆಯನ್ನು ಜಗಲಿಯಿಂದ ನಡುಮನೆಗೆ ನಾನೇ ಹೊತ್ತೆ, ಮಾವನ ಹೆಂಡತಿ, ಅವ್ವನ ಮಗಳು. ಹೊಸ್ತಿಲು ದಾಟುವಾಗ ನಾನು ಯಾರ ಕಡೆಯವಳು ಅಂತ ನನಗೇ ತಿಳಿಯಲಿಲ್ಲ. ಅಪ್ಪನಿಗಾಗಿ ಆಮೇಲೆ ಅತ್ತರಾಯಿತು, ಇವರಿಬ್ಬರು ಮುಖ ನೋಡಿಕೊಂಡರೆ ಸಾಕು ಅಂತ ಅವತ್ತಿನಿಂದ ನನಗೆ ಒಂದೇ ಆಸೆ.

ಬೆಂಗಳೂರಿನ ವ್ಯಾಪಾರಿ ಅವತ್ತು ತಿಥಿಗೆ ಬಂದವರು ಹೊರಡುವಾಗ ಮಾವನನ್ನು ಪಕ್ಕಕ್ಕೆ ಕರೆದರು. ಸ್ವಿಚ್ಚು ಇದ್ದೇ ಇದೆ, ಉಪಯೋಗಿಸದಿದ್ದರೆ ತಪ್ಪು ನಿಮ್ಮದಲ್ಲ, ಈ ವಿಷಯ ಹೊರಗೆ ಹೆಚ್ಚು ಮಾತಾಡಬೇಡಿ ಅಂದರು. ಕೆಟ್ಟ ಮನುಷ್ಯನಲ್ಲ, ಒಳ್ಳೆಯದಕ್ಕೇ ಹೇಳಿದ್ದು. ಮಾವ ಮರುದಿನ ಸೋಮನಹಳ್ಳಿಗೆ ಹೋಗಿ ಡಬ್ಬ ಮಾಡುವುದನ್ನು ನಿಲ್ಲಿಸಿದರು. ತಾವೇ ಏಣಿ ಹಾಕಿಕೊಂಡು ಗೋಡೆಯ ಮೇಲಿನ ಬರಹಕ್ಕೆ ಸುಣ್ಣ ಬಳಿದರು. ಅಕ್ಷರ ಒಂದೇ ಸಲಕ್ಕೆ ಮುಚ್ಚಲಿಲ್ಲ, ಒಣಗಿದ ಮೇಲೆ ಮತ್ತೆ ಇಣುಕಿತು, ಮತ್ತೆ ಬಳಿದರು.

ಆಮೇಲೆ ಬಡಗಿಯಿಂದ ಜಾಲಿ ಮರದ ಬೆಣೆಗಳನ್ನು ಮಾಡಿಸಿದರು. ತುದಿಗೆ ಹಿತ್ತಾಳೆಯ ಪಟ್ಟಿ, ಮೈಗೆ ಕೆಂಪು ಬಣ್ಣ. ಡಬ್ಬದ ಮುಚ್ಚಳಕ್ಕೆ ತೂತು ಕೊರೆದು ಬೆಣೆಯನ್ನು ಅಲ್ಲಿ ಸಿಕ್ಕಿಸಿದರೆ ಮಾತ್ರ ಡಬ್ಬಕ್ಕೆ ಜೀವ, ಕಿತ್ತರೆ ಅದು ಬರೀ ತಗಡು. ಒಂದರ ಬೆಣೆ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಮಾಡಿದ ಡಬ್ಬಗಳಿಗೆಲ್ಲ ಈ ಬೆಣೆ ಹಾಕದೆ ಹೊಸದು ಮಾಡುವುದಿಲ್ಲ ಅಂತ ಹಟ ಹಿಡಿದರು. ವ್ಯಾಪಾರಿ ಬೇರೆ ಕಡೆ ನೋಡಿಕೊಂಡರು. ತಂತಿ ಸುತ್ತುತ್ತಿದ್ದ ಹೆಂಗಸರು ಬೇಜಾರಿನಿಂದಲೇ ಕಬ್ಬಿನ ಕೂಲಿಗೆ ಹೋದರು.

ಮಾವ ಮತ್ತೆ ಸೈಕಲ್ಲು ಹತ್ತಿದರು. ಹೋದ ಮನೆಯಲ್ಲೆಲ್ಲ ಮೊದಲು ಅಪ್ಪ ಸತ್ತದ್ದು ಹೇಗೆ ಅಂತ ಅವರೇ ಹೇಳುತ್ತಿದ್ದರು, ಹೇಳಿದ ಮೇಲೆ ಬೆಣೆ ತೋರಿಸುತ್ತಿದ್ದರು. ಕೆಲವರು ಬಾಗಿಲಲ್ಲೇ ನಿಲ್ಲಿಸಿದರು. ಕೆಲವರು ಡಬ್ಬವನ್ನೇ ಕಿತ್ತು ಕೈಗೆ ಕೊಟ್ಟರು. ಮೊದಲೆಲ್ಲ ಕೂರಿಸಿ ಉಣ್ಣಲಿಕ್ಕಿದ ಮನೆಗಳಲ್ಲಿ ನೀರು ಮಾತ್ರ ಕುಡಿದು ಬಂದರು. ರಾಗಿ ಕೊಯ್ಲು ಮುಗಿದು, ಬೇಸಿಗೆ ಕಳೆದು, ಮತ್ತೆ ರಾಗಿ ಬಿತ್ತುವ ಹೊತ್ತಿಗೆ ಉಳಿದದ್ದು ಒಂದೇ ಡಬ್ಬ, ಅಪ್ಪನದು. ಅಲ್ಲಿಗೆ ಹೋಗಲು ಅವರಿಗೆ ಕಾಲು ಬರಲಿಲ್ಲ. ನೀವು ಹೋಗದಿದ್ದರೆ ನಾನೇ ಹೋಗಿ ಹಾಕುತ್ತೇನೆ ಅಂತ ನಾನು ಜಗಳ ತೆಗೆದೆ. ಅದಕ್ಕೆ ಹೊರಟರು.

ಹೊಲ ಒಣಗಿ ನಿಂತಿತ್ತು. ಅಪ್ಪ ಹೋದಾಗಿನಿಂದ ಆ ಮೋಟರನ್ನು ಯಾರೂ ಮುಟ್ಟಿರಲಿಲ್ಲ. ಮಾವ ಮುಚ್ಚಳ ಕೊರೆದು ಬೆಣೆ ಕೂರಿಸಿ ನೋಡಿದರು, ಕಿತ್ತು ನೋಡಿದರು. ಇನ್ನು ಕೆಳಗಿಳಿದು, ಅವತ್ತು ಟವಲು ಬಿಡಿಸಲು ಜನ ಕತ್ತರಿಸಿ ಬಿಟ್ಟಿದ್ದ ಹಳೇ ಬೆಲ್ಟನ್ನು ತೆಗೆದು ಹೊಸದು ಹಾಕಬೇಕಿತ್ತು. ಬೆಣೆ ಕೈಯಲ್ಲಿ ಹಿಡಿದು ಮೆಟ್ಟಿಲ ಬಳಿ ಬಂದಾಗ ಎದುರಿಗೆ ಅವ್ವ ನಿಂತಿದ್ದಳು. ಯಾರೋ ಹೇಳಿದ್ದರಿಂದ ಬಂದಿರಬೇಕು. ಅಕ್ಕನನ್ನು ಅಷ್ಟು ಹತ್ತಿರದಿಂದ ನೋಡಿ ಮಾವ ತಲೆ ತಗ್ಗಿಸಿದರು.

ಅವ್ವ ಕೈ ಚಾಚಿದಳು. ಮಾವ ಬೆಣೆಯನ್ನು ಆ ಕೈಯಲ್ಲಿಟ್ಟರು. ಅವಳು ಅದನ್ನು ತಿರುಗಿಸಿ ನೋಡಿದಳು, ಕೆಂಪು ಬಣ್ಣದ ಮೇಲೆ ಹೆಬ್ಬೆರಳು ಆಡಿಸಿದಳು, ಆಮೇಲೆ ಸೀರೆಯ ಗಂಟು ಸಡಿಲಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಪ್ಪ ಸಿಕ್ಕಿಸಿಕೊಳ್ಳುತ್ತಿದ್ದ ಪಕ್ಕವೇ ಅದು.

"ಇಳಿ ಮಗ" ಅಂದಳು. "ಬೆಣೆ ನನ್ತಾವದೆ."

ಮಾವ ಇಳಿಯಲಾರದೆ ಮೊದಲ ಮೆಟ್ಟಿಲ ಮೇಲೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತರು. ಅವ್ವ ಹತ್ತಿರ ಹೋಗಲಿಲ್ಲ, ಕಾದಳು. ಆಮೇಲೆ ಅವರು ಇಳಿದರು. ಕೆಳಗೆ ಸ್ಪ್ಯಾನರಿನ ಸದ್ದು ಕೇಳುತ್ತಿದ್ದಷ್ಟು ಹೊತ್ತೂ ಅವ್ವನ ಅಂಗೈ ಸೊಂಟದ ಮೇಲೇ ಒತ್ತಿಕೊಂಡಿತ್ತು.

ಮೇಲೆ ಬಂದ ಮಾವ ಮೋಟರು ಓಡಿಸಿ ನೋಡಲು ಬೆಣೆಗಾಗಿ ಕೈ ಚಾಚಿದರು. ಅವ್ವ ಅವರ ಮುಖವನ್ನು ಹಣೆಯಿಂದ ಗದ್ದದವರೆಗೂ ಒಂದು ಸಲ ನೋಡಿದಳು, ಬೆಣೆಯ ಮೇಲೆ ಸೆರಗು ಎಳೆದುಕೊಂಡು ಮನೆಯ ಕಡೆ ನಡೆದಳು. ಬೆಣೆ ಕೊಡು ಅಂತ ನಾವಿಬ್ಬರೂ ಕೇಳಲಿಲ್ಲ. ಆ ಬಾವಿಯ ಮೋಟರು ಮತ್ತೆ ಓಡಲಿಲ್ಲ.